ತಣ್ಣನೆಯ ಬೆವರು

ಚಾಮರಾಜಪೇಟೆ
೨೨ ನವೆಂಬರ್ ೨೦೨೪, ಶುಕ್ರವಾರ

ದೊಡ್ಡಮ್ಮಾ,

ನಿನ್ನ ಯಶು ಬರೆಯುತ್ತಿದ್ದೇನೆ. ದಯವಿಟ್ಟು ಮಡಚಿ ಇಡಬೇಡ, ಓದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ವಾಣಿ ಅಕ್ಕನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಮೂರು ತಿಂಗಳು ತಡವಾಯಿತು. ಮಗು ಬಿಡಲಿಲ್ಲ, ಮೈ ಸರಿಯಿರಲಿಲ್ಲ ಎನ್ನಬಹುದು. ಎರಡೂ ನಿಜ, ಆದರೆ ತಡವಾದದ್ದು ಅದಕ್ಕಲ್ಲ.

ಧೃತಿಗೆ ಆರು ತಿಂಗಳು ತುಂಬಿತು. ಕೆಳಗೆ ಎರಡು ಹಲ್ಲು ಬಂದಿವೆ. ನೀನು ದಿನಾ ಎಣ್ಣೆ ತಿಕ್ಕಿ ಎಳೆಯುತ್ತಿದ್ದ ಕಾಲುಗಳಲ್ಲಿ ಈಗ ಅವರಪ್ಪ ನಿಶಾಂತನ ಕನ್ನಡಕಕ್ಕೇ ಒದೆಯುತ್ತಾಳೆ. ಅವಳನ್ನು ಎತ್ತಿಕೊಂಡು ನಿಲ್ಲಲು ನನಗಿನ್ನೂ ಡಾಕ್ಟರ ಅಪ್ಪಣೆಯಿಲ್ಲ, ಕೂತೇ ಎತ್ತಿಕೊಳ್ಳಬೇಕು. ಎರಡು ಗಂಟೆಗೊಮ್ಮೆ ಏನಾದರೂ ತಿನ್ನಬೇಕು. ನಿದ್ದೆ ಮಾತ್ರ ಬರುವುದಿಲ್ಲ. ಕಣ್ಣು ಮುಚ್ಚಿದರೆ ಮಗು ಕೈಜಾರಿದ ಹಾಗೆ ಆಗುತ್ತದೆ.

ನಿನ್ನೆ ವಾಣಿ ಅಕ್ಕ ಬಂದಿದ್ದಳು. ಕಾಫಿ ಕೊಟ್ಟರೆ ಮುಟ್ಟಲಿಲ್ಲ. "ಅಮ್ಮನ ಕಾಲಿನ ಕಿರುಬೆರಳು ತೆಗೆದ್ರು ಕಣೆ. ನಿಮ್ಮನೆಯಿಂದ ಬಂದ ದಿನದಿಂದ ಇನ್ಸುಲಿನ್ ಮುಟ್ಟಿಲ್ಲ. ಮೆಂತ್ಯದ ನೀರು ಕುಡ್ಕೊಂಡು ಕೂತಿದಾಳೆ. ನಾನು ಚುಚ್ಚಕ್ಕೆ ಹೋದ್ರೆ, 'ಆ ಸೂಜಿ ಈ ಮನೆಗೆ ಬೇಡ, ನೋಡ್ದೋರು ಕೊಲೆಗಾತಿ ಅಂತಾರೆ' ಅಂತಾಳೆ. ಹಿಂಗೇ ಆದ್ರೆ ಪಾದಾನೇ ತೆಗೀಬೇಕಂತೆ. ನಿಮ್ಮತ್ತೆಗೆ ಹೇಳು, ಸಂತೋಷ ಪಡ್ಲಿ" ಎಂದಳು. ಅತ್ತೆ ಒಳಗೇ ಇದ್ದರು. ಕುಕ್ಕರ್ ಕೂಗುತ್ತಲೇ ಇತ್ತು, ಯಾರೂ ಆರಿಸಲಿಲ್ಲ.

ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ, ದೊಡ್ಡಮ್ಮ. ಹೇಳುತ್ತೇನೆ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು. ಹನುಮಂತನಗರದ ನಿನ್ನ ಮನೆಯ ಮೂರನೇ ಮಹಡಿಗೆ ಹೊಲಿಗೆ ಹಾಕಿಸಿಕೊಂಡವಳು ಹತ್ತಬಾರದು ಎಂದು ಬಾಣಂತನಕ್ಕೆ ನೀನೇ ಇಲ್ಲಿಗೆ ಬಂದೆ, ನಿನ್ನ ಇನ್ಸುಲಿನ್ ಬಾಟಲಿಗಳನ್ನು ಫ್ಲಾಸ್ಕಿನಲ್ಲಿಟ್ಟುಕೊಂಡು. ನಾಮಕರಣಕ್ಕೆ ಬಂದ ನಿಶಾಂತನ ಚಿಕ್ಕಮ್ಮ ನನ್ನ ಹೊಟ್ಟೆ ನೋಡಿ, "ಇನ್ನೊಂದು ಒಳಗೇ ಉಳ್ಕೊಂಡಿದೆಯೇನೇ?" ಎಂದು ಎಲ್ಲರೆದುರು ನಕ್ಕರಲ್ಲ? ಅವತ್ತೇ ನಾನು ಮೊಬೈಲಿನಲ್ಲಿ ಮಾತ್ರೆ ತರಿಸಿದೆ. ಆಲ್ಫಾ ಲಿಪೋಯಿಕ್ ಆಸಿಡ್. ಮೈ ಇಳಿಯುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಔಷಧಿಯಲ್ಲ, ಬರೀ ಪೂರಕ ಎಂದು ಬರೆದಿತ್ತು. ಮೊಲೆಯೂಡಿಸುವವಳು ಕೇಳದೆ ಏನನ್ನೂ ನುಂಗಬಾರದೆಂದು ನೀನು ಬೈಯುತ್ತೀಯೆಂದು ಮಗುವಿನ ಬಟ್ಟೆಗಳ ಕೆಳಗೆ ಬಚ್ಚಿಟ್ಟೆ.

ಎರಡು ತಿಂಗಳಾದ ಮೇಲೆ ಬೆವರು ಶುರುವಾಯಿತು. ನೀನು ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಎರಡು ಕಂಬಳಿ ಹೊದಿಸಿ ಮಲಗಿಸುತ್ತಿದ್ದೆ. ಬಾಣಂತಿ ಬೆವರಿದಷ್ಟೂ ಒಳ್ಳೆಯದಲ್ಲವೆ? ಅತ್ತೆಗೆ ಖುಷಿಯೋ ಖುಷಿ. "ನೀರು ಹಾಕೋದು ಅಂದ್ರೆ ಹಿಂಗೆ ನಾರಾಯಣಮ್ಮೋರೇ! ನಂಗೆ ನಮ್ಮತ್ತೆ ಎರಡು ಚೆಂಬು ಹುಯ್ದು ಎಬ್ಬಿಸಿಬಿಟ್ರು. ಅದಕ್ಕೇ ಇವತ್ತಿಗೂ ಸೊಂಟ ನೋವು" ಎನ್ನುತ್ತಿದ್ದರು. ಒಂದು ವಾರ ನಾನು ಹಾಗೇ ತೊಯ್ದು, ನಡುಗಿ, ಒಳ್ಳೆಯದಾಗುತ್ತಿದೆಯೆಂದು ಸುಮ್ಮನಿದ್ದೆ.

ಎಂಟನೆಯ ದಿನ ನೀನು ಕಂಬಳಿಯೊಳಗೆ ಕೈಹಾಕಿ, "ಇದು ನೀರಿನ ಬೆವರಲ್ಲ, ತಣ್ಣಗಿದೆ" ಎಂದೆ. ನಿನ್ನದೇ ಮಿಷನ್ನಿನಿಂದ ನನ್ನ ಬೆರಳು ಚುಚ್ಚಿ ನೋಡಿದೆ. ಸಕ್ಕರೆ ಮೂವತ್ತೆಂಟು! ಬಾಯಿಗೆ ಸಕ್ಕರೆ ನೀರು ಹಾಕಿ ಉಳಿಸಿದೆ. ಆಮೇಲೆ ದಿನಕ್ಕೆ ನಾಲ್ಕು ಸಲ ಚುಚ್ಚಿ ನೋಡುತ್ತಿದ್ದೆ, ಆಸ್ಪತ್ರೆಗೆ ಸೇರಿಸುವ ತನಕ.

ಅಲ್ಲಿ ರಕ್ತದಲ್ಲಿ ಇನ್ಸುಲಿನ್ ವಿಪರೀತ ಇದೆ, ಹೊರಗಿನಿಂದ ಯಾರೋ ಕೊಟ್ಟಿರಬೇಕು ಎಂದರು. ಬೇರೇನಾದರೂ ಮಾತ್ರೆ ನುಂಗುತ್ತೀರಾ ಎಂದು ಕೇಳಿದಾಗ, ಕಬ್ಬಿಣದ ಮಾತ್ರೆ ಬಿಟ್ಟರೆ ಏನೂ ಇಲ್ಲ ಎಂದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ನಾಚಿಕೆಯಾಯಿತು. ಅಷ್ಟೇ ಕಾರಣ, ಇನ್ನೇನೂ ಇಲ್ಲ. ಮನೆಯಲ್ಲಿ ಇನ್ಸುಲಿನ್ ಇರುವ ಮಾತು ಬಂತು, ನಿನ್ನ ಹೆಸರೂ ಬಂತು. ಮನೆಗೆ ಬಂದ ಸಂಜೆಯೇ ಅತ್ತೆ ನಿನ್ನ ಬಾಟಲಿಗಳನ್ನು ಫ್ರಿಜ್ಜಿನಿಂದ ತೆಗೆದು ನಡುಮನೆಯ ಟೀಪಾಯಿ ಮೇಲಿಟ್ಟರು. "ತಪ್ಪು ತಿಳ್ಕೋಬೇಡಿ. ಮಗು ಇರೋ ಮನೆ."

ನೀನು ಜಗಳವಾಡಲಿಲ್ಲ. "ಮೂವತ್ತೊಂದು ವರ್ಷ ಹೆರಿಗೆ ವಾರ್ಡಲ್ಲಿದ್ದೆ, ಸರ್ವಮಂಗಳಾ. ಈ ಮಾತು ಯಾರೂ ಅಂದಿರ್ಲಿಲ್ಲ" ಎಂದೆ. ಬಾಟಲಿಗಳನ್ನು ಅಡುಗೆಮನೆಯ ತೊಟ್ಟಿಗೆ ಸುರಿದು ಆಟೋ ಹತ್ತಿದೆ. ನಾನು ರೂಮಿನಲ್ಲಿದ್ದೆ. ಎಚ್ಚರವಾಗಿದ್ದೆ.

ನೀನು ಹೋದ ಮೇಲೂ ಸಕ್ಕರೆ ಇಳಿದು ನಾನು ಎರಡು ಸಲ ಬಿದ್ದೆ. ಒಂದು ಸಲ ಧೃತಿ ತೊಡೆಯ ಮೇಲಿದ್ದಳು. ದಿಂಬಿನ ಮೇಲೆ ಉರುಳಿದಳು, ದೇವರು ದೊಡ್ಡವನು. ಮನೆಯಲ್ಲಿ ಒಂದು ತೊಟ್ಟು ಇನ್ಸುಲಿನ್ ಇರಲಿಲ್ಲ. ಆಗ ನಿಶಾಂತ್ ಬಸವನಗುಡಿಯಲ್ಲಿ ಡಾಕ್ಟರ್ ವಿಶಾಖಾ ಅವರಿಗೆ ತೋರಿಸಿದ. ಅವರು ನನ್ನೊಬ್ಬಳನ್ನೇ ಕೂರಿಸಿಕೊಂಡು, "ಬೈಯಲ್ಲಮ್ಮ, ಹೇಳು, ಏನು ತಗೋತಿದೀಯ?" ಎಂದರು. ಅತ್ತುಬಿಟ್ಟೆ. ಆ ಮಾತ್ರೆ ಕೆಲವರ ಮೈಗೆ ಆಗುವುದಿಲ್ಲವಂತೆ. ದೇಹ ತನ್ನದೇ ಇನ್ಸುಲಿನ್ನನ್ನು ಶತ್ರುವೆಂದು ತಿಳಿದು ಹಿಡಿದಿಟ್ಟುಕೊಳ್ಳುತ್ತದಂತೆ, ಬೇಡದ ಹೊತ್ತಿನಲ್ಲಿ ಬಿಟ್ಟುಬಿಡುತ್ತದಂತೆ. ರಕ್ತ ಪರೀಕ್ಷೆಯಲ್ಲೂ ಅದೇ ಬಂತು. ಮಾತ್ರೆ ನಿಲ್ಲಿಸಿ ಆರು ವಾರವಾಯಿತು. ಬೀಳುವುದು ನಿಂತಿದೆ. "ನಿಮ್ಮ ದೊಡ್ಡಮ್ಮ ಬೆರಳು ಚುಚ್ಚಿ ನೋಡಿದ್ದಕ್ಕೆ ನೀನು ಬದುಕಿದೀಯ" ಎಂದರು ಅವರು.

ಅತ್ತೆ ಎರಡು ದಿನ ಊಟ ಮಾಡಲಿಲ್ಲ. "ನಾನೇ ಹೋಗಿ ಕಾಲಿಗೆ ಬೀಳ್ತೀನಿ" ಎಂದವರನ್ನು ನಾನೇ ತಡೆದೆ. ಯಾಕೆ ತಡೆದೆನೆಂದು ಅವರಿಗೂ ಗೊತ್ತಿಲ್ಲ.

ಆ ಸೂಜಿಯಲ್ಲಿ ಯಾವ ಕಳಂಕವೂ ಇಲ್ಲ, ದೊಡ್ಡಮ್ಮ. ಮತ್ತೆ ಶುರುಮಾಡು. ಧೃತಿಯನ್ನು ವಾಣಿ ಅಕ್ಕನ ಜೊತೆ ಕಳಿಸುತ್ತೇನೆ, ನನ್ನನ್ನು ನೋಡಲು ಇಷ್ಟವಿಲ್ಲದಿದ್ದರೂ ಅವಳ ತಲೆಯ ಮೇಲೆ ಒಂದು ಸಲ ಕೈಯಿಡು. ಅವಳಿಗೆ ನಿನ್ನ ಹರಕೆ ಸಿಕ್ಕರೆ ನನಗೆ ಸಾಕು.

ನೀನು ಸಾಕಿದ,
ಯಶಶ್ರೀ

ಮರೆತು ಉಳಿದದ್ದಲ್ಲ, ಬರೆಯಲಾಗದೆ ಉಳಿದದ್ದು: ಆಸ್ಪತ್ರೆಯಲ್ಲಿ ನಿನ್ನ ಹೆಸರೆತ್ತಿದ್ದು ಅತ್ತೆಯಲ್ಲ. ಫ್ರಿಜ್ಜಿನಲ್ಲಿದ್ದ ಬಾಟಲಿ ಯಾವುದರದ್ದೆಂದೇ ಅವರಿಗೆ ಗೊತ್ತಿರಲಿಲ್ಲ. ಮೊದಲ ದಿನ ಡಾಕ್ಟರ್ ನನ್ನೊಬ್ಬಳನ್ನೇ ಕೇಳಿದರು. "ನೀವೇ ಚುಚ್ಕೊಂಡ್ರಾ? ಕೆಲವು ತಾಯಂದಿರು ಹಿಂಗೆ ಮಾಡ್ಕೋತಾರೆ. ಹಾಗಿದ್ರೆ ಮಗೂನ ನಿಮ್ಮ ಹತ್ರ ಬಿಡಕ್ಕಾಗಲ್ಲ" ಎಂದರು. ಧೃತಿಯನ್ನು ಕಿತ್ತುಕೊಳ್ಳುತ್ತಾರೆ ಎನ್ನಿಸಿತು. "ನಮ್ಮ ದೊಡ್ಡಮ್ಮ ನರ್ಸು. ಅವರ ಹತ್ರ ಇನ್ಸುಲಿನ್ ಇದೆ. ದಿನಾ ನಂಗೆ ಚುಚ್ತಾರೆ" ಎಂದೆ. ಬೆರಳು ಚುಚ್ಚಿ ಪರೀಕ್ಷೆ ಮಾಡುತ್ತಾರೆ ಎಂದು ಹೇಳಲಿಲ್ಲ. ಬರೀ ಚುಚ್ತಾರೆ ಎಂದೆ. ನೀನು ಆಗ ಹೊರಗೆ ಬೆಂಚಿನ ಮೇಲೆ ಮಗುವನ್ನು ತಟ್ಟಿ ಮಲಗಿಸುತ್ತಿದ್ದೆ. ಬೇಕಾದರೆ ಇನ್ನು ನನ್ನ ಮುಖ ನೋಡಬೇಡ. ನಾಳೆ ತಿಂಡಿಗೆ ಮುಂಚೆ ವಾಣಿ ಅಕ್ಕ ಸೂಜಿ ತಂದಾಗ ತೋಳು ಕೊಡು.