ಹೆಸರು ಬಿಟ್ಟ ಹೊಲ

ಊರಿಂದ,
ಹನ್ನೊಂದನೇ ತಾರೀಖು, ಭಾನುವಾರ

ಪ್ರೀತಿಯ ತಮ್ಮನಿಗೆ, ಅಕ್ಕ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಮಂಡಿನೋವು ಕಡಿಮೆಯಾಯಿತೇ? ದೀಪಸ್ತಂಭದ ಮೆಟ್ಟಿಲನ್ನು ದಿನಾ ಹತ್ತಿಳಿಯುವವನೇ, ಎಣ್ಣೆ ಹಚ್ಚಿಕೋ ಎಂದು ಬರೆದು ಬರೆದು ನನ್ನ ಕೈ ಸೋತಿತು. ನಿನ್ನ ದ್ವೀಪಕ್ಕೆ ಫೋನೂ ಇಲ್ಲ, ವಾರಕ್ಕೊಂದೇ ದೋಣಿ. ನಿನ್ನ ಮಗಳು ಚೆನ್ನಾಗಿದ್ದಾಳೆ, ಬಾಯಿ ಮಾತ್ರ ಥೇಟ್ ನಿನ್ನದೇ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಪಾಠ ಹೇಳುವುದರಿಂದ ನಿವೃತ್ತಳಾದ ಮೇಲೆ ಊರಿನ ಹೊಲ, ದಿಣ್ಣೆ, ಹಳ್ಳಗಳ ಹೆಸರನ್ನೆಲ್ಲ ಬರೆದಿಡಲು ಹೊರಟಿದ್ದೇನೆಂದು ಹೋದ ಸಲವೇ ತಿಳಿಸಿದ್ದೆ. ನಗಬೇಡ. ಎಂಥೆಂಥ ಹೆಸರು ಗೊತ್ತೇನೋ! ಅತ್ತೆ ಓಡಿದ ದಿಣ್ಣೆ, ಕುಂಟೆತ್ತಿನ ಹಳ್ಳ, ಸುಳ್ಳು ಹೇಳಿದ ಮೂಲೆ. ಗೇಣು ನೆಲಕ್ಕೂ ಒಂದು ಕಥೆ. ಹೆಸರಿಲ್ಲದ್ದು ಒಂದೇ ಒಂದು, ನೀನು ಮನೆ ಕಟ್ಟಿಸಿದ ಹೊಲ. ಎಳೆಯರನ್ನು ಕೇಳಿದರೆ "ಅದಾ? ಸುಮ್ನೆ ಹೊಲ" ಎನ್ನುತ್ತಾರೆ. ಮುದುಕರು ಮಾತು ತಿರುಗಿಸುತ್ತಾರೆ.

ಮೊನ್ನೆ ಸೂಲಗಿತ್ತಿ ಅಜ್ಜಿಯನ್ನು ಕೈಹಿಡಿದು ಆ ಕಡೆ ಕರೆದೊಯ್ದೆ. ನಿನ್ನನ್ನೂ ನನ್ನನ್ನೂ ಭೂಮಿಗೆ ತಂದ ಕೈ ಅದು. ಕಣ್ಣು ಮಂಜಾದರೂ ನಾಲಿಗೆ ಹರಿತ. ದಾರಿಯುದ್ದಕ್ಕೂ ನನ್ನ ನಡಿಗೆಯನ್ನು ಗೇಲಿ ಮಾಡಿಕೊಂಡು ಬಂದವಳು ನಿನ್ನ ಬೇಲಿ ಕಾಣುತ್ತಲೇ ನಿಂತುಬಿಟ್ಟಳು. "ನೀನು ಹುಟ್ಟೋಕೆ ಮುಂಚೆ ಅಲ್ಲೊಂದು ಕೇರಿ ಇತ್ತು ಕಣೆ. ಸುಣ್ಣದ ಕಲ್ಲು ತೆಗೆಯೋರದು. ಮನೆ ಕೆಳಗೇ ಅಗೆದ್ರು, ಅಗೆದ್ರು. ಒಂದಿನ ಬೆಳಗ್ಗೆ ನೋಡಿದ್ರೆ ಕೇರೀನೇ ಇಲ್ಲ, ನೆಲ ಕುಸಿದು ಒಳಗೆ ಹೋಗಿತ್ತು. ನಾನು ಹೆರಿಗೆ ಮಾಡಿಸಿದ ಕೂಸಿಗೆ ಇನ್ನೂ ಹೆಸರೂ ಇಟ್ಟಿರ್ಲಿಲ್ಲ," ಎಂದಳು. ಹೆಸರು ಉಳಿದರೆ ಮಕ್ಕಳು ಹುಡುಕಿಕೊಂಡು ಹೋದಾವೆಂದು ಹೆದರಿ, ಆ ಕೇರಿಯ ಹೆಸರನ್ನೇ ಯಾರೂ ಎತ್ತಬಾರದೆಂದು ಹಿರಿಯರು ಮಾತು ಮಾಡಿಕೊಂಡರಂತೆ. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ಗುಂಡಿ ಮುಚ್ಚಿದರು, ಹುಲ್ಲು ಬೆಳೆಯಿತು, ಹೆಸರಿನ ಜೊತೆ ಹೆದರಿಕೆಯೂ ಹೋಯಿತು. ಗೊತ್ತಿದ್ದವರಲ್ಲಿ ಹಲವರು ಸತ್ತರು, ಉಳಿದವರು ಬಾಯಿ ಬಿಡಲಿಲ್ಲ, ಗೊತ್ತಿಲ್ಲದವರು ಮಾರಿದರು, ನಾವು ಕೊಂಡೆವು. "ಪಾಯ ತೋಡುವಾಗಲಾದ್ರೂ ಹೇಳ್ಬಾರ್ದಿತ್ತಾ?" ಎಂದು ರೇಗಿದೆ. "ಆಣೆ ಇಟ್ಟಿದ್ದೆ ಕಣೆ" ಎಂದು ಅತ್ತಳು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ತುಂಬಾ ಭಯವಾಗುತ್ತಿದೆ ಕಣೋ.

ನಿನ್ನ ಜೊತೆ ಕೆಲಸ ಮಾಡುವವರಿಗೂ ನಾನು ಕೇಳಿದೆನೆಂದು ಹೇಳು. ದೇವರು ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮುಂಚೆ: ಕಥೆ ಹೇಳುವ ನೆಪದಲ್ಲಿ ಮಗಳನ್ನು ನನ್ನ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ನಿನ್ನ ಹೆಂಡತಿ ಮಾತ್ರ ಆ ಮನೆ ಬಿಟ್ಟು ಬರುತ್ತಿಲ್ಲ. "ನಿಮಗೆ ಅರಳುಮರಳು ಅತ್ತಿಗೆ. ಅವರು ಹೇಳ್ಲಿ, ಬರ್ತೀನಿ" ಎನ್ನುತ್ತಾಳೆ. ಹೋದ ವಾರ ಅಡುಗೆಮನೆ ಬಾಗಿಲು ಮುಚ್ಚಲಾಗದೆ, ಮರ ಉಬ್ಬಿದೆ ಎಂದು ಬಡಗಿಯಿಂದ ಹೆರೆಸಿದಳು. ಈ ಬಿರುಬೇಸಿಗೆಯಲ್ಲಿ ಮರ ಉಬ್ಬುತ್ತದೇನೋ? ಇವತ್ತು ಬೆಳಗ್ಗೆ ಮಲಗುವ ಕೋಣೆಯ ಬಾಗಿಲನ್ನು ಭುಜ ಕೊಟ್ಟು ನೂಕಿ ಹೊರಗೆ ಬಂದಳಂತೆ, ನಗುತ್ತಾ ಹೇಳಿದಳು. ಈ ದೋಣಿ ಹಿಂದಿರುಗುವ ಮುಂಚೆ ಅವಳಿಗೆ ಎರಡು ಸಾಲು ಬರೆದು ಕೊಡು, ಇಲ್ಲವೇ ನೀನೇ ಹತ್ತಿ ಬಾ. ನನ್ನ ಮಾತನ್ನು ಅವಳು ಕೇಳುವುದಿಲ್ಲ. ಬಡಗಿಗೆ ನಾಳೆ ಮತ್ತೆ ಬರಲು ಹೇಳಿ ಕಳಿಸಿದ್ದಾಳೆ.