ಮೆಟ್ಟಿಲ ಕೆಳಗಿನ ಸೂಟ್‌ಕೇಸು

ಆಡಮ್ಸ್‌ಟೌನ್, ಡಬ್ಲಿನ್
12 ಆಗಸ್ಟ್ 2021

ಪ್ರೀತಿಯ ಅತ್ತೆಯವರಿಗೆ ವಂದನಾಳ ನಮಸ್ಕಾರಗಳು.

ಎರಡನೇ ಲಸಿಕೆ ಹಾಕಿಸಿಕೊಂಡ ಮೇಲೆ ಬಂದಿದ್ದ ತೋಳುನೋವು ಈಗ ಹೇಗಿದೆ? ದಾವಣಗೆರೆಯಲ್ಲಿ ಹೊಲಿಗೆ ತರಗತಿ ಮತ್ತೆ ಶುರುಮಾಡಿದ್ದೀರೆಂದು ಪುಟ್ಟಣ್ಣ ಮಾವ ಫೋನಿನಲ್ಲಿ ಹೇಳಿದರು. ಹುಡುಗಿಯರು ಮಾಸ್ಕ್ ಕೆಳಗಿಳಿಸಿದರೆ ಸ್ಕೇಲಿನಿಂದ ಮೇಜು ಕುಟ್ಟುತ್ತೀರಂತೆ. ಕುಟ್ಟಿ, ತಪ್ಪೇನಿಲ್ಲ.

ನಾವು ಮೂವರೂ ಚೆನ್ನಾಗಿದ್ದೇವೆ. ನಾಳಿದ್ದು ಒಂದು ವಾರದ ಮಟ್ಟಿಗೆ ಸ್ಪೇನಿಗೆ, ಮಾಲಗಾ ಪಕ್ಕದ ಸಮುದ್ರತೀರಕ್ಕೆ ಹೊರಟಿದ್ದೇವೆ. ಹೊರದೇಶಕ್ಕೆ ಹೋಗಲು ಹೋದ ತಿಂಗಳು ತಾನೇ ಬಿಟ್ಟಿದ್ದಾರೆ. ಇಲ್ಲಿಯ ಸಮುದ್ರ ಆಗಸ್ಟಿನಲ್ಲೂ ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ, ಅಲ್ಲಿಯದು ಬೆಚ್ಚಗಿರುತ್ತದಂತೆ. ನಿಮ್ಮ ಮಗ ಕೋವಿಡ್ ವಾರ್ಡಿನ ಕೆಲಸಕ್ಕೆ ಹೋದಾಗಿನಿಂದ ಸರಿಯಾಗಿ ರಜೆ ಹಾಕಿದ್ದೇ ಇಲ್ಲ. ಮನೆಗೆ ಬಂದು ಸ್ನಾನ ಮಾಡಿ, ತಟ್ಟೆಯ ಮುಂದೆ ಕೂತು, ನಾನು ಏನು ಕೇಳಿದರೂ "ಗ್ರ್ಯಾಂಡ್" ಎನ್ನುತ್ತಿದ್ದರು. ಎಲ್ಲ ಚೆನ್ನಾಗಿದೆ ಅನ್ನುವುದಕ್ಕೆ ಇಲ್ಲಿಯವರು ಹಾಗೆ ಹೇಳುತ್ತಾರೆ. ಇವರ ಬಾಯಲ್ಲಿ ಮಾತ್ರ ಅದು, ಇನ್ನು ಕೇಳಬೇಡ ಎಂದ ಹಾಗಿರುತ್ತಿತ್ತು.

ಇವತ್ತು ಬಟ್ಟೆ ತುಂಬಲು ಮೆಟ್ಟಿಲ ಕೆಳಗಿಂದ ನೀಲಿ ಸೂಟ್‌ಕೇಸು ಎಳೆಯಬೇಕಾಯಿತು. ಅದರ ವಿಷಯ ನಿಮಗೆ ಹೇಳಿಲ್ಲ, ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಹೋದ ವರ್ಷ ಮಾರ್ಚಿನಲ್ಲಿ ಇವರಿಗೆ ವಾರ್ಡು, ನನಗೆ ಅದೇ ಆಸ್ಪತ್ರೆಯ ಲ್ಯಾಬು ಎಂದಾದಾಗ, ಇಬ್ಬರೂ ಒಟ್ಟಿಗೆ ಕಾಯಿಲೆ ಬಿದ್ದರೆ ಮಗು ಇಂಚರಾಳ ಗತಿಯೇನು ಎಂಬ ಯೋಚನೆ ಹತ್ತಿತು. ಅವಳ ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ತಬ್ಬಿಕೊಂಡು ಮಲಗುವ ಗೊಂಬೆ ಮೊಲ ಎಲ್ಲ ತುಂಬಿಟ್ಟೆ. ಹಾಗೇನಾದರೂ ಆದರೆ ಮಗುವನ್ನು ಇಟ್ಟುಕೊಳ್ಳುತ್ತೀಯಾ ಎಂದು ಪಕ್ಕದ ಬೀದಿಯ ವಿನೋದಿನಿಯನ್ನು ಅಳುಕುತ್ತಲೇ ಕೇಳಿದೆ. "ಕೇಳೋದೇನೈತೆ, ಕರ್ಕೊಂಡ್ ಬಂದ್ಬಿಡು. ನನ್ನ ಮಕ್ಕಳ ಜೊತೆ ಇವಳೂ ಒಬ್ಬಳು" ಎಂದಳು. ಮೊಲವಿಲ್ಲದೆ ನಿದ್ದೆ ಬರುವುದಿಲ್ಲವೆಂದು ಇಂಚರಾ ಅತ್ತಿದ್ದಕ್ಕೆ, ಅಂಥದೇ ಇನ್ನೊಂದು ಮೊಲ ತರಿಸಿದೆವು.

ಈ ಜನವರಿಯಲ್ಲಿ ಇವರಿಗೆ ಕೋವಿಡ್ ಬಂದೇಬಿಟ್ಟಿತು. ನಿಮಗೆ ನೆಗಡಿ ಎಂದು ಹೇಳಿದ್ದೆವು. ಮೇಲಿನ ಕೋಣೆಯಲ್ಲಿ ಇವರ ಕೆಮ್ಮು, ಕೆಳಗೆ ನನ್ನ ಮೈ ಬಿಸಿ. ಸೂಟ್‌ಕೇಸು ಬಾಗಿಲ ಬಳಿ ಇಟ್ಟು, ಮಗುವಿಗೆ ಶೂ ಹಾಕಿಸಿ, ನನ್ನ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಾ ಕೂತಿದ್ದೆ. ನನಗೆ ಇಲ್ಲವೆಂದು ಬಂತು. ಅವಳ ಶೂ ಬಿಚ್ಚಿದೆ. ವಾರ ಕಳೆಯುವಷ್ಟರಲ್ಲಿ ಇವರ ಜ್ವರವೂ ಬಿಟ್ಟಿತು. ಆದರೆ ಸೂಟ್‌ಕೇಸು ಬಿಚ್ಚಲು ಧೈರ್ಯ ಬರಲಿಲ್ಲ. ಬಿಚ್ಚಿದರೆ ಮತ್ತೇನಾದರೂ ಆದೀತು ಎಂಬ ಹುಚ್ಚು ಭಯ.

ಇವತ್ತು ಅದರ ಜಿಪ್ಪು ಎಳೆದವಳು ಇಂಚರಾ. ಮೇಲೆಯೇ ನೀವು ಹೊಲಿದು ಕಳಿಸಿದ್ದ ಹಳದಿ ಫ್ರಾಕು. ತಲೆಯ ಮೇಲಿಂದ ಎಳೆದುಕೊಂಡಳು, ಭುಜದಲ್ಲೇ ಸಿಕ್ಕಿಕೊಂಡಿತು. ಒಳಗಿಂದಲೇ "ಮಮ್ಮಿ, ದಿಸ್ ಈಸ್ ಫಾರ್ ಬೇಬೀಸ್" ಎಂದಳು. ಬಿಡಿಸಲು ಬಂದ ಇವರು ಫ್ರಾಕನ್ನು ಅವಳ ಮೈಗೆ ಹಿಡಿದು ನೋಡಿದರು. ಸೊಂಟದಿಂದ ಸ್ವಲ್ಪ ಕೆಳಗೆ ಬಂದು ನಿಂತಿತು. "ನೋಡೇ, ಹಾಕೋ ಪ್ರಸಂಗಾನೇ ಬರಲಿಲ್ಲ" ಎಂದು ಮೆಟ್ಟಿಲ ಮೇಲೆ ಕೂತು ನಗತೊಡಗಿದರು, ನಗುತ್ತಾ ಕಣ್ಣೊರೆಸಿಕೊಂಡರು. ಅಪ್ಪನಿಗೆ ಏನಾಯಿತೆಂದು ಇಂಚರಾ ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಇವರೇ ಎಲ್ಲ ಹೇಳಿದರು. ವಾರ್ಡಿನ ಮಾತನ್ನೂ, ಮೇಲಿನ ಕೋಣೆಯಲ್ಲಿ ಮಲಗಿ ಅವಳ ಹೆಜ್ಜೆ ಸದ್ದು ಕೇಳುತ್ತಿದ್ದುದನ್ನೂ. ಒಂದೂವರೆ ವರ್ಷದಿಂದ ಇವರು ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ, ಅತ್ತೆ.

ಈಗ ಅದೇ ಸೂಟ್‌ಕೇಸಿನಲ್ಲಿ ಈಜುಡುಗೆ, ಸನ್‌ಸ್ಕ್ರೀನು, ಚಟ್ನಿಪುಡಿ ತುಂಬಿವೆ. ಅದರ ಮೇಲೆ ಇಂಚರಾ ಕೂತು ಮುಚ್ಚಳ ಒತ್ತುತ್ತಿದ್ದಾಳೆ, ಇವರು ಜಿಪ್ಪು ಎಳೆಯುತ್ತಿದ್ದಾರೆ, ನನ್ನನ್ನು ಕೂಗುತ್ತಿದ್ದಾರೆ.

ಪುಟ್ಟಣ್ಣ ಮಾವನಿಗೆ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ಸೊಸೆ,
ವಂದನಾ

ಮರೆತೆ: ಡಿಸೆಂಬರಿಗೆ ನಮ್ಮ ಮೂವರಿಗೂ ಬೆಂಗಳೂರಿಗೆ ಟಿಕೆಟ್ ಆಗಿದೆ. ಹೇಳದೆ ಬಂದು ಅಮ್ಮನ ಬಾಗಿಲು ತಟ್ಟಬೇಕೆಂದು ಇವರ ಆಸೆ. ನಿಮ್ಮ ಬಿ.ಪಿ. ನೆನೆದು ನಾನು ಹೇಳಿಬಿಟ್ಟೆ. ಬಾಗಿಲು ತೆಗೆದಾಗ ಗೊತ್ತೇ ಇರಲಿಲ್ಲ ಅನ್ನುವ ಹಾಗೆ ನಿಂತುಬಿಡಿ. ನಿಮಗೆ ಸುಳ್ಳು ಮುಖ ಮಾಡಲು ಬರುವುದಿಲ್ಲ, ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.