ಸಡಕು ಮುಗಿದಲ್ಲಿ ಕೂತ ನರ್ಸಬಾಯಿ

ಜಿಲ್ಲೆಯ ದವಾಖಾನೆಗಳಿಗೆಲ್ಲ ಹುಕುಂ ಕೊಡುವ ದೊಡ್ಡ ಸಾಹೇಬರ ಸನ್ನಿಧಿಗೆ,

ಮಾನ್ಯರೇ, ನಿಮ್ಮ ನರ್ಸಬಾಯಿಗೆ ಹೊಳೆ ದಾಟಲು ಹುಕುಮಿಲ್ಲ. ನನ್ನ ಅಕ್ಕನಿಗೆ ಹೊಳೆ ದಾಟಲು ಶಾಸ್ತ್ರವಿಲ್ಲ. ಇಬ್ಬರ ನಡುವೆ ಕೃಷ್ಣಾ ಹೊಳೆಯ ಒಂದು ಕವಲು ಹರಿಯುತ್ತಿದೆ. ಪಡುವಣ ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ ಆ ಕವಲು ತುಂಬುತ್ತದೆ, ನನ್ನ ಹರಿಗೋಲು ದಡ ಹತ್ತುತ್ತದೆ, ಅಕ್ಕ ನಡುಗಡ್ಡೆಯಲ್ಲಿ ನೋಡುವವರಿಲ್ಲದೆ ಹೆರಬೇಕಾಗುತ್ತದೆ. ನನ್ನ ತಕರಾರು ಇಷ್ಟೇ. ಇದನ್ನು ಮೊದಲು ಅರ್ಜಿಯಲ್ಲಿ ಬರೆದೆ. ಕನ್ನಡದಲ್ಲಿದೆ ಎಂದು ತಿರುಗಿ ಬಂತು. ಉರ್ದುವಿನಲ್ಲಿ ಬರೆದು ಕಳಿಸಿದೆ. ಅದು ತಿರುಗಿ ಬರುವ ಮರ್ಯಾದೆಯನ್ನೂ ತೋರಿಸಲಿಲ್ಲ. ಆದ್ದರಿಂದ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಸುರಪುರದ ಸಂತೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದುತ್ತಾರೆ.

ಬರೆಯುವವನು ಯಾರು ಎಂದು ನೀವು ಕೇಳುವುದು ಸಹಜ. ತಿಂಥಣಿಯ ಕೆಳಗೆ, ಹೊಳೆಯ ನಡುವೆ ಒಂದು ಗಡ್ಡಿ ಇದೆ. ಅಲ್ಲಿ ನಾವು ಕೆಲವು ಅಂಬಿಗರ ಮನೆಗಳವರು ಮೀನು ಹಿಡಿದು, ಹರಿಗೋಲು ಹಾಕಿ, ಮರಳ ಪಾತ್ರದಲ್ಲಿ ಸೌತೆ ಬೆಳೆದು ಬದುಕುತ್ತೇವೆ. ನಾನು ಸುರಪುರದ ಸರಕಾರಿ ಮದರಸಾದಲ್ಲಿ ಐದನೇ ಇಯತ್ತೆಯವರೆಗೆ ಓದಿದೆ. ತಪಾಸಣೆಯ ದಿನ ನಮ್ಮ ಮಾಸ್ತರರು ಬಜಾರದಿಂದ ಹುಡುಗರನ್ನು ಹಿಡಿದು ತಂದು ಬೆಂಚು ತುಂಬಿಸಿದ್ದರು. ಬಂದ ಸಾಹೇಬರು ನನ್ನತ್ತ ಬೆರಳು ತೋರಿಸಿ, ಇವರೆಲ್ಲ ದಿನಾಲೂ ಬರುತ್ತಾರೇನು ಎಂದು ಕೇಳಿದರು. ಇಲ್ಲ ಎಂದೆ. ಮರುದಿನದಿಂದ ನಾನೂ ದಿನಾಲೂ ಬರದವರ ಪೈಕಿ ಸೇರಿದೆ. ಆಮೇಲೆ ಸೊಲ್ಲಾಪುರದ ಗಿರಣಿಗೆ ಓಡಿಹೋಗಬೇಕೆಂದು ಎಷ್ಟೋ ಸಲ ಗಂಟು ಕಟ್ಟಿದ್ದೇನೆ. ಪ್ರತಿ ಸಲವೂ ದಂಡೆಯಲ್ಲಿ ಯಾರಾದರೂ ನಿಂತು ಕೂಗುತ್ತಾರೆ, ಹರಿಗೋಲು ಬಿಡಬೇಕಾಗುತ್ತದೆ. ಇಡೀ ಸೀಮೆಯನ್ನು ಆಚೆ ದಾಟಿಸಿ, ಸಂಜೆಗೆ ನಾನು ಮಾತ್ರ ಈಚೆಗೆ ಮರಳುತ್ತೇನೆ.

ಓದಿದ ಉರ್ದು ಒಂದೇ ಕೆಲಸಕ್ಕೆ ಬಂತು. ಸುರಪುರದಲ್ಲಿ ನಿಮ್ಮ ಇಲಾಖೆ ಜಚಗಿಖಾನೆ ತೆರೆದಾಗ, ಹೆರಿಗೆಗೆ ಅಲ್ಲಿಗೇ ಬರಬೇಕೆಂದು ಉರ್ದುವಿನಲ್ಲಿ ಸಾರುವ ದೊಡ್ಡ ಹಲಗೆಯೊಂದನ್ನು ನಮ್ಮ ಘಾಟಿನಲ್ಲಿ, ಸಡಕು ಮುಗಿಯುವ ಕಡೆ, ಗಡ್ಡಿಗೆ ಮುಖ ಮಾಡಿ ನಿಲ್ಲಿಸಿದಿರಿ. ಅದರ ಮೇಲೆ ಸೇಬಿನಂಥ ಗಲ್ಲದ ಒಂದು ಕೂಸು. ಅಂಥ ಕೂಸನ್ನು ನಮ್ಮ ಗಡ್ಡಿಯಲ್ಲಿ ಯಾರೂ ಕಂಡಿರಲಿಲ್ಲ. ನನ್ನ ಅಜ್ಜಿ ಭೀಮವ್ವ ಹರಿಗೋಲಿನಲ್ಲಿ ಕೂತು ಕೇಳಿದಳು:

"ಏನಂತ ಬರದಾರೋ ಅಂಬ್ಯಾ?"

"ಹೆರಿಗಿಗಿ ಜಚಗಿಖಾನಿಗಿ ಬರ್ರಿ ಅಂತ. ನರ್ಸಬಾಯಿ ಅದಾರಂತ. ತಾಯಿ-ಕೂಸು ಇಬ್ಬರೂ ಸುಖದಿಂದ ಇರ್ತಾರಂತ."

"ಯಾರಿಗಿ ಹೇಳ್ಯಾರ ಇದನ್ನ?"

"ನಮಗ ಬೇ. ನಮ್ಮ ಕಡಿಗೇ ಮಾರಿ ಮಾಡಿ ನಿಲ್ಸ್ಯಾರಲ್ಲ."

"ನಮ್ಮ ಬಸುರೇರು ಹೊಳಿ ದಾಟಂಗಿಲ್ಲ ಅಂತ ಅವ್ರಿಗೆ ಯಾರೂ ಹೇಳಿಲ್ಲೇನು?"

ಯಾರೂ ಹೇಳಿರಲಿಲ್ಲ, ಸಾಹೇಬರೇ, ಏಕೆಂದರೆ ಯಾರೂ ಕೇಳಿರಲಿಲ್ಲ. ಏಳು ತಿಂಗಳು ತುಂಬಿದ ಹೆಂಗಸು ಹರಿಯುವ ನೀರು ದಾಟಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಕಟ್ಟು. ನಿಮಗೆ ನಗು ಬರಬಹುದು. ಹರಿಗೋಲು ತಿರುಗುವ ಸುಳಿಯನ್ನು ಒಮ್ಮೆ ನೋಡಿದರೆ ಕಟ್ಟು ಮಾಡಿದವರು ತೀರ ಮೂರ್ಖರಲ್ಲ ಎಂದೂ ಅನ್ನಿಸಬಹುದು. ಮೊದಲು ಗಡ್ಡಿಯಲ್ಲೇ ಸೂಲಗಿತ್ತಿ ಇದ್ದಳು. ಅವಳು ಸತ್ತಳು. ಅವಳ ಕೆಲಸ ಕಲಿತವರಿಲ್ಲ. ಹೀಗೆ ಹೊಳೆಯ ಆ ದಂಡೆಯಲ್ಲಿ ನಿಮ್ಮ ಹಲಗೆ, ಈ ದಂಡೆಯಲ್ಲಿ ನಮ್ಮ ಬಸುರಿಯರು, ಒಬ್ಬರನ್ನೊಬ್ಬರು ನೋಡುತ್ತ ನಿಂತರು.

ಹೋದ ವರ್ಷ ನನ್ನ ಅಕ್ಕ ಮೌನಮ್ಮ ಕೊಂಕಲ್ಲಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಜಚಗಿಖಾನೆಗೆ ಒಯ್ಯೋಣ ಎಂದು ಹಟ ಹಿಡಿದವನು ನಾನು. ಹಲಗೆ ಓದಿದವನು ನಾನೊಬ್ಬನೇ ಅಲ್ಲವೇ. ಅಪ್ಪ ಮರಿಲಿಂಗಪ್ಪ ಹುಟ್ಟು ಎತ್ತಿ ಹೊಡೆಯಲು ಬಂದ. ಅಜ್ಜಿ ಒಂದು ಮಧ್ಯಾಹ್ನವೆಲ್ಲ ಹೊಸ್ತಿಲಲ್ಲಿ ಕೂತಿದ್ದಳು. ಆಮೇಲೆ ಎದ್ದು, ಹೊಸ್ತಿಲ ಬದಿಯ ಮಣ್ಣನ್ನು ಎರಡೂ ಕೈಯಿಂದ ಕೆದರಿ, ಅಕ್ಕನ ಉಡಿಯಲ್ಲಿ ತುಂಬಿ, ಸೆರಗು ಬಿಗಿದು ಕಟ್ಟಿದಳು.

"ತಗೋ. ಇನ್ನ ಇಕಿ ಎಲ್ಲಿ ಹೋದ್ರೂ ಗಡ್ಡಿ ಬಿಟ್ಟಂಗಿಲ್ಲ. ಗಡ್ಡಿ ಇಕಿ ಉಡ್ಯಾಗ ಐತಿ."

"ಹೊಳಿಗಂಗವ್ವಗ ಇದು ತಿಳಿಯಂಗಿಲ್ಲೇನು ಬೇ?" ಎಂದ ಅಪ್ಪ.

"ತಿಳಿತೈತಿ. ತಿಳಿದೂ ಸುಮ್ಮನಿರ್ತಾಳ. ಆಕಿನೂ ಹೆಣ್ಣಲ್ಲೇನು?"

ಹೀಗೆ ನನ್ನ ಅಕ್ಕ ಮಡಿಲಲ್ಲಿ ಊರನ್ನೇ ಕಟ್ಟಿಕೊಂಡು ಹೊಳೆ ದಾಟಿದಳು. ಘಾಟಿನಿಂದ ಗಾಡಿ ಹೂಡಿ ಸುರಪುರಕ್ಕೆ ಹೋದೆವು. ಜಚಗಿಖಾನೆಗೆ ಕೀಲಿ ಬಿದ್ದಿತ್ತು. ಮೆಟ್ಟಿಲ ಮೇಲೆ ಚಪರಾಸಿ ವಹಾಬ ಬೀಡಿ ಸೇದುತ್ತ ಕೂತಿದ್ದ.

"ಬಾಯಿಯವ್ರು ಶಹಾಪುರಕ್ಕ ಹೋಗ್ಯಾರ್ರಿ. ದೊಡ್ಡವ್ರ ಮನ್ಯಾಗ ಹೆರಿಗಿ ಐತಿ. ನಾಳಿ ಬರ್ರಿ, ನಾಡದಾ ಬರ್ರಿ."

"ದೊಡ್ಡವ್ರ ಹೆಂಡ್ತಿಗಿ ಬ್ಯಾನಿ ಹತ್ಯಾವೇನು?" ಎಂದು ಅಜ್ಜಿ ಕೇಳಿದಳು.

"ಇನ್ನಾ ಇಲ್ಲ. ಹತ್ತಿದ್ರ ಬಾಜೂಕ ಇರ್ಲಿ ಅಂತ ಕರ್ಸ್ಯಾರ."

"ಇಕಿಗಿ ಹತ್ಯಾವಪ್ಪಾ. ಒಳಗಿನ ಕ್ವಾಣಿನರ ತೆಗಿ, ಮಲಗಸ್ತೀವಿ."

"ಕೀಲಿ ನನ್ನಂತ್ಯಾಕ ಐತಿ ಅಜ್ಜಿ. ಬಾಯಿಯವ್ರು ಇಲ್ಲದಾಗ ತೆಗಿಯೋ ಹುಕುಂ ಇಲ್ಲ. ನನ್ನ ಪಗಾರ ನೀ ಕೊಡ್ತಿಯೇನು?"

ಜಚಗಿಖಾನೆಯ ಅಂಗಳದಲ್ಲೊಂದು ಬೇವಿನ ಮರವಿದೆ. ಅದರ ಕೆಳಗೆ, ಗಾಡಿಯಲ್ಲಿ, ಅಕ್ಕ ಹೆತ್ತಳು. ಗಂಡು ಕೂಸು. ಅದು ಅಳಲಿಲ್ಲ. ವಹಾಬ ಬಿಂದಿಗೆಯಲ್ಲಿ ನೀರು ತಂದಿಟ್ಟು ಆ ಕಡೆ ಮುಖ ಮಾಡಿ ನಿಂತಿದ್ದ. ಅವನು ಕೆಟ್ಟವನೆಂದು ನಾನು ಹೇಳಲಾರೆ. ನರ್ಸಬಾಯಿ ಇದ್ದಿದ್ದರೆ ಕೂಸು ಉಳಿಯುತ್ತಿತ್ತೆಂದೂ ಹೇಳಲಾರೆ, ಸಾಹೇಬರೇ. ನನಗೆ ಗೊತ್ತಿಲ್ಲ. ಬಾಗಿಲು ಮುಚ್ಚಿತ್ತು ಎಂಬುದಷ್ಟೇ ಗೊತ್ತು. ಕೂಸನ್ನು ಘಾಟಿನ ದಂಡೆಯಲ್ಲಿ, ನಿಮ್ಮ ಹಲಗೆಯ ಬುಡದಲ್ಲಿ ಮಣ್ಣು ಮಾಡಿದೆವು. ಮೇಲೆ ಹಾಕಲು ಅಕ್ಕ ತನ್ನ ಉಡಿ ಬಿಚ್ಚಿದಳು. ಹೊಸ್ತಿಲ ಮಣ್ಣೆಲ್ಲ ಅಲ್ಲಿಗೇ ಮುಗಿಯಿತು.

ಈಗ ನಮ್ಮವರ ಲೆಕ್ಕ ಕೇಳಿ. ಒಯ್ದ ಮಣ್ಣು ತಿರುಗಿ ಬರಲಿಲ್ಲ, ಅದಕ್ಕೇ ಹೊಳೆ ಮುನಿದಿದೆ, ಇನ್ನು ಯಾವ ಬಸುರಿಯೂ ಮಣ್ಣು ಕಟ್ಟಿಕೊಂಡು ದಾಟುವಂತಿಲ್ಲ ಎಂದು ಹಿರಿಯರು ತೀರ್ಮಾನಿಸಿದ್ದಾರೆ. ಬೀಗ ಹಾಕಿದ ಬಾಗಿಲನ್ನು ಅವರು ಕಂಡವರಲ್ಲ; ಬೈಯಲು ಹೊಳೆಯೇ ಹತ್ತಿರ. ಒಂದು ಕೂಸು ಉಳಿಯುವವರೆಗೆ ಹೆರಿಗೆ ತವರಿನದೇ ಎಂಬ ಪದ್ಧತಿಯಂತೆ ಅಕ್ಕ ಆರು ತಿಂಗಳಿದ್ದಾಗ ಮತ್ತೆ ಗಡ್ಡಿಗೆ ಬಂದಳು. ಈಗ ಏಳು ಮೀರಿದೆ. ಅತ್ತ ಗಂಡನ ಮನೆ ಕರೆಯುವುದಿಲ್ಲ, ಇತ್ತ ಹೊಳೆ ಬಿಡುವುದಿಲ್ಲ. ಗಡ್ಡಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ, ತಿರುಗಿ ಬರುತ್ತಾಳೆ.

ನಿಮ್ಮ ಹುಕುಮಿನ ಕಥೆಯೂ ಕೇಳಿ. ನರ್ಸಬಾಯಿ ಮದೀನಾಬೀಯವರನ್ನು ನಾನೇ ಹೋಗಿ ಕಂಡೆ. ಗುಲ್ಬರ್ಗಾ ಕಡೆಯವರು, ಗಂಡ ಸತ್ತವರು, ಮಡಿಲಲ್ಲೊಂದು ಹೆಣ್ಣು ಕೂಸಿರುವವರು. ಬರುತ್ತೇನೆ ಎಂದರು. ಆದರೆ ಸರಕಾರಿ ನರ್ಸಬಾಯಿ ಊರೂರು ದೌರಾ ಮಾಡುವಾಗ ಸಡಕು ಬಿಟ್ಟು ಹೋಗತಕ್ಕದ್ದಲ್ಲ ಎಂದು ನಿಮ್ಮ ಕಚೇರಿಯ ಅಪ್ಪಣೆಯಿದೆಯಂತೆ. ಅಪ್ಪಣೆ ಬರೆದವರು ಹೆಣ್ಣುಮಗಳ ಕ್ಷೇಮ ನೆನೆದೇ ಬರೆದಿರಬಹುದು. ಆದರೆ ಸಡಕು ಇಲ್ಲದ ಕಡೆ ಹೆಂಗಸರು ಬಸುರಾಗುವುದಿಲ್ಲವೆಂದು ಅವರಿಗೆ ಹೇಳಿದವರು ಯಾರು? ಸಡಕು ಹಾಕುವ ಇಲಾಖೆಯವರೇ?

ಆ ಬಾಯಿ ಸುಮ್ಮನೆ ಕೂರಲಿಲ್ಲ. ಈಗ ಸಂತೆಯ ದಿನ ಗಾಡಿಯಲ್ಲಿ ಘಾಟಿನವರೆಗೆ ಬಂದು, ನಿಮ್ಮ ಹಲಗೆಯ ನೆರಳಲ್ಲಿ ಕೂರುತ್ತಾರೆ. ಅಕ್ಕ ಈಚೆ ಮರಳಿನ ಮೇಲೆ ಬಂದು ನಿಲ್ಲುತ್ತಾಳೆ. ಒಬ್ಬರಿಗೊಬ್ಬರು ಕಾಣುತ್ತಾರೆ, ಮಾತು ಮುಟ್ಟುವುದಿಲ್ಲ. ಮಾತು ಒಯ್ಯುವವನು ನಾನು. ತಮ್ಮನಾದವನು ಅಕ್ಕನನ್ನು ಕೇಳಬಾರದ್ದನ್ನೆಲ್ಲ ಹರಿಗೋಲಿನಲ್ಲಿ ಹೊತ್ತು ತಂದು, ನೆಲ ನೋಡುತ್ತ ಕೇಳುತ್ತೇನೆ. ಹೋದ ಸಂತೆಯಂದು ಬಾಯಿ ಹೇಳಿದರು:

"ಪಾದ ಬಾತಾವೇನು ಕೇಳು ತಮ್ಮಾ. ಬೆರಳಲೇ ಒತ್ತಿ ನೋಡಂತ ಹೇಳು. ಕುಣಿ ಬಿದ್ರ ಹಂಗೇ ಉಳಿತೈತೇನು, ತುಂಬ್ತೈತೇನು?"

ದಾಟಿದೆ. ಅಕ್ಕ ಒತ್ತಿದಳು. ಕುಣಿ ಹಾಗೇ ಉಳಿಯಿತು. ತಿರುಗಿ ದಾಟಿ ಹೇಳಿದೆ. ಬಾಯಿಯ ಮುಖ ನೋಡಿದೆ. ಅದನ್ನು ಓದಲು ಐದನೇ ಇಯತ್ತೆ ಸಾಕಿತ್ತು. ಅವರು ಎದ್ದು ನೀರಿನವರೆಗೆ ಬಂದರು. ಚಪ್ಪಲಿ ತೋಯ್ದವು. ಹರಿಗೋಲಿನ ಅಂಚು ಹಿಡಿದು ನಿಂತರು.

"ಈ ಬಾವು ಚಲೋ ಅಲ್ಲ ತಮ್ಮಾ. ಇಕಿ ಹತ್ತರ ನಾ ಇರಬೇಕು. ಆದ್ರ ನೌಕರಿ ಹೋದ್ರ ನನ್ನ ಕೂಸಿನ್ನ ಯಾರು ನೋಡ್ತಾರ? ಹುಕುಂ ತರಸು. ಅವತ್ತೇ ಬರ್ತೀನಿ."

ಇದನ್ನು ಅಕ್ಕನಿಗೆ ಮುಟ್ಟಿಸಿ, ಅಜ್ಜಿಯನ್ನು ಒಪ್ಪಿಸುತ್ತೇನೆ, ನೀನೇ ಇನ್ನೊಮ್ಮೆ ದಾಟು ಎಂದೆ. ಅವಳು ಅಳಲಿಲ್ಲ. ಆಚೆ ದಂಡೆಯ ಹಲಗೆ ನೋಡಿದಳು, ಅದರ ಬುಡದ ಮಣ್ಣು ನೋಡಿದಳು.

"ನಾ ಒಂದ್ಸಲ ದಾಟೀನಿ ಅಂಬ್ಯಾ. ಈ ಸಲ ಅವ್ರು ದಾಟ್ಲಿ."

ಸಾಹೇಬರೇ, ಅವಳಿಗೂ ಇಲ್ಲ ಎನ್ನಲಾರೆ, ಬಾಯಿಗೂ ಬನ್ನಿ ಎನ್ನಲಾರೆ. ಎರಡು ದಂಡೆಗಳ ನಡುವೆ ಹುಟ್ಟು ಹಾಕುತ್ತೇನೆ, ಹರಿಗೋಲು ತನ್ನ ಸುತ್ತಲೇ ತಿರುಗುತ್ತದೆ.

ಆದರೆ ಒಂದನ್ನು ಕೇಳಿಯೇ ಕೇಳುತ್ತೇನೆ. ನಮ್ಮ ಕಟ್ಟು ಯಾವ ಕಾಲದ್ದೋ. ಓದುಬರಹ ಅರಿಯದ ನನ್ನ ಅಜ್ಜಿ ಅದನ್ನು ಮುರಿಯದೆಯೇ ಅದರಲ್ಲೊಂದು ದಾರಿ ಮಾಡಿದಳು, ಒಂದು ಹಿಡಿ ಮಣ್ಣಿನಿಂದ, ಒಂದು ಮಧ್ಯಾಹ್ನದಲ್ಲಿ. ನಿಮ್ಮ ಅಪ್ಪಣೆಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ. ಅದರಲ್ಲೊಂದು ದಾರಿ ಮಾಡಲು ಹೈದರಾಬಾದಿನವರೆಗೆ ಓದಿದ ನಿಮ್ಮ ಇಡೀ ಕಚೇರಿಗೆ ಆಗುವುದಿಲ್ಲವೇ? ಮೂಢನಂಬಿಕೆ ಯಾರದು, ತೀರ್ಮಾನ ನೀವೇ ಹೇಳಿ.

ನನ್ನ ಬೇಡಿಕೆ ಇದು: ಮಳೆ ಹಿಡಿಯುವ ಮೊದಲು ಮದೀನಾಬೀಯವರು ಗಡ್ಡಿಗೆ ಬಂದು, ಅಕ್ಕನ ಹೆರಿಗೆಯಾಗುವವರೆಗೆ ನಮ್ಮಲ್ಲಿರಲು ಹುಕುಂ ಕೊಡಿ. ಅವರ ಕೂಸೂ ಬರಲಿ. ನನ್ನ ಅಜ್ಜಿಯ ತೊಡೆ ಖಾಲಿ ಇದೆ. ಸಡಕು ಬಿಟ್ಟು ಹೋಗಕೂಡದೆಂಬ ನಿಮ್ಮ ಅಪ್ಪಣೆ ಮುರಿಯುವುದು ಬೇಡ. ಘಾಟಿನಲ್ಲಿ ಸಡಕು ಮುಗಿಯುವ ಕಡೆಯಿಂದ ಒಂದು ಬುಟ್ಟಿ ಗರಸು ಮಣ್ಣು ಕೆದರಿ ಹರಿಗೋಲಿನ ತಳಕ್ಕೆ ಹಾಸಿದ್ದೇನೆ. ಬಾಯಿ ಅದರ ಮೇಲೆ ಕಾಲಿಟ್ಟು ಕೂರಲಿ. ಗಡ್ಡಿಗೆ ಇಳಿದ ಮೇಲೆ ಅದನ್ನೇ ನಮ್ಮ ಹೊಸ್ತಿಲಿಗೆ ಸುರಿಯುತ್ತೇನೆ. ಅಲ್ಲಿ ಅಜ್ಜಿ ಕೆದರಿದ ಒಂದು ಕುಣಿ ತುಂಬುವುದು ಉಳಿದಿದೆ.

ಇಂತಿ, ಎರಡು ದಂಡೆಗೂ ಬೇಡವಾಗಿ ನಡುನೀರಿನಲ್ಲಿ ಕಾಯುತ್ತಿರುವ
ಅಂಬಣ್ಣ, ಮರಿಲಿಂಗಪ್ಪ ಅಂಬಿಗನ ಮಗ
ಐದನೇ ಇಯತ್ತೆ, ನಾಪಾಸು
ತಿಂಥಣಿಯ ಘಾಟು